ಕಾವಲಿನ ಸಿಪಾಯಿ ಅನ್ನ ಕೇಳಿದ ಮೇಲೆ

ಪ್ರಶ್ನೆ: ನಾನು ಚಿಂತಾಮಣಿ ಕಡೆಯವಳು. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಮೈದುನ ಬೋರ್‌ವೆಲ್ ರಿಗ್ ಕೆಲಸಕ್ಕೆ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊಗೆ ಹೋಗಿದ್ದ. ಅವನು ಅಲ್ಲಿದ್ದಾಗಲೇ, 2022ರಲ್ಲಿ, ಸೈನಿಕರು ಎರಡು ಸಲ ಸರ್ಕಾರವನ್ನು ಉರುಳಿಸಿದರು. ಎರಡನೇ ಸಲ ಜನ ರಷ್ಯಾದ ಬಾವುಟ ಹಿಡಿದು ಬೀದಿಯಲ್ಲಿ ಕುಣಿದದ್ದನ್ನು ಕಣ್ಣಾರೆ ಕಂಡಿದ್ದಾನೆ. "ಎಲ್ಲಾ ಹೊರಗಿನವರ ಆಟ ಅತ್ತಿಗೆ" ಅನ್ನುತ್ತಾನೆ. ಮಾತಿನ ಮಧ್ಯೆ ಇನ್ನೊಂದು ವಿಷಯವನ್ನೂ ಹೇಳಿದ. ಅವರ ಕ್ಯಾಂಪಿನ ಕಾವಲಿಗಿದ್ದ ಸೈನಿಕರು ರಾತ್ರಿ ಹೊತ್ತು ಅಡುಗೆಯವನ ಹತ್ತಿರ ಬಂದು ಅನ್ನ ಕೇಳುತ್ತಿದ್ದರಂತೆ. ಸೈನಿಕರು ತಾವಾಗಿಯೇ ಏಳುತ್ತಾರೋ, ಯಾರಾದರೂ ಏಳಿಸುತ್ತಾರೋ? ದಂಗೆಗೂ ಕ್ಷಿಪ್ರಕ್ರಾಂತಿಗೂ ಏನು ವ್ಯತ್ಯಾಸ? ನಮ್ಮ ದೇಶದಲ್ಲಿ ಯಾಕೆ ಹಾಗಾಗಲಿಲ್ಲ? ಸಾಲ ಇದೆ, ಊರಲ್ಲಿ ಸಾವಿರದೈನೂರು ಅಡಿ ಕೊರೆದರೂ ನೀರಿಲ್ಲ, ಕೆಲಸವೂ ಇಲ್ಲ. ಮೈದುನ ಮತ್ತೆ ಅಲ್ಲಿಗೇ ಹೊರಟಿದ್ದಾನೆ, ಕಳಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ರಷ್ಯಾದ ಬಾವುಟದ ಮಾತಲ್ಲ, ಅನ್ನದ ಮಾತು. ಕೋಲಾರದಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಸೈನ್ಯ ತಿರುಗಿಬಿದ್ದ ಕಥೆಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಆ ಸೈನಿಕನಿಗೆ ಊಟ ಸಿಕ್ಕಿತ್ತೇ, ಸಂಬಳ ಬಂದಿತ್ತೇ, ಬಂದಿದ್ದರೆ ಯಾರ ಕೈಯಿಂದ ಬಂತು ಅನ್ನುವುದನ್ನು. ಹೊರದೇಶದವರ ಲೆಕ್ಕ ಆಮೇಲೆ.

ನಿಮ್ಮ ಮೈದುನ ಕಂಡದ್ದನ್ನೇ ತೆಗೆದುಕೊಳ್ಳಿ. 2021ರ ನವೆಂಬರ್ 14ರಂದು ಬುರ್ಕಿನಾ ಫಾಸೊದ ಉತ್ತರಕ್ಕೆ, ಇನಾಟಾ ಎಂಬ ಚಿನ್ನದ ಗಣಿಯ ಪಕ್ಕದ ಠಾಣೆಯ ಮೇಲೆ ಉಗ್ರರು ಬಿದ್ದು ಐವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಸತ್ತವರಲ್ಲಿ ಬಹುಪಾಲು ಸಶಸ್ತ್ರ ಪೊಲೀಸರು. ದಾಳಿಗೂ ಮುಂಚೆ ಆ ಠಾಣೆಯಿಂದ ರಾಜಧಾನಿಗೆ ಒಂದು ಸಂದೇಶ ಹೋಗಿತ್ತು: ಎರಡು ವಾರದಿಂದ ದವಸ ಮುಗಿದಿದೆ, ಸುತ್ತಮುತ್ತ ಸಿಕ್ಕಿದ ಪ್ರಾಣಿ ಹಿಡಿದು ಕೊಯ್ದು ತಿನ್ನುತ್ತಿದ್ದೇವೆ ಎಂದು. ದಾಳಿಯ ನಂತರ ಆ ಸಂದೇಶ ಹೊರಬಿತ್ತು. ಚಿನ್ನವೇ ದೊಡ್ಡ ರಫ್ತಾಗಿರುವ ದೇಶ, ಅದರ ಗಣಿಯ ಪಕ್ಕ ಕಾವಲು ನಿಂತವರಿಗೆ ಹಿಡಿ ದವಸವಿಲ್ಲ. ಜನ ಕೆರಳಿದರು, ಬ್ಯಾರಕ್ಕುಗಳೂ ಕೆರಳಿದವು. ಹತ್ತು ವಾರ ಕಳೆಯುತ್ತಿದ್ದಂತೆ, 2022ರ ಜನವರಿ 24ರಂದು, ಲೆಫ್ಟಿನೆಂಟ್ ಕರ್ನಲ್ ದಾಮಿಬಾ ಅಧ್ಯಕ್ಷ ಕಬೊರೆಯನ್ನು ಕೆಳಗಿಳಿಸಿದರು. ಅವರ ಆಳ್ವಿಕೆಯಲ್ಲೂ ಪರಿಸ್ಥಿತಿ ಸುಧಾರಿಸಲಿಲ್ಲ. ಸೆಪ್ಟೆಂಬರ್ 26ರಂದು ಮುತ್ತಿಗೆಯಲ್ಲಿದ್ದ ಜಿಬೊ ಪಟ್ಟಣಕ್ಕೆ ಸಾಮಾನು ಒಯ್ಯುತ್ತಿದ್ದ ಲಾರಿಗಳ ಸಾಲಿನ ಮೇಲೆ ಗಾಸ್ಕಿಂದೆ ಹತ್ತಿರ ದಾಳಿಯಾಗಿ 27 ಸೈನಿಕರು ಸತ್ತರು. ನಾಲ್ಕನೇ ದಿನ, ಸೆಪ್ಟೆಂಬರ್ 30ಕ್ಕೆ, 34 ವರ್ಷದ ಕ್ಯಾಪ್ಟನ್ ಇಬ್ರಾಹಿಂ ತ್ರಾವೊರೆ ದಾಮಿಬಾರನ್ನೇ ಕಿತ್ತೆಸೆದರು. ಜನವರಿಯಲ್ಲಿ ಅದೇ ದಾಮಿಬಾ ಜೊತೆ ನಿಂತಿದ್ದವರು ಅವರು.

ಈ ತಾರೀಖುಗಳನ್ನು ಒಂದರ ಕೆಳಗೆ ಒಂದು ಬರೆದು ತರಗತಿಯಲ್ಲಿ ತೋರಿಸಿ. ಎರಡು ಸಲವೂ ಮೊದಲು ಬಂದದ್ದು ಕೈಬಿಟ್ಟುಹೋದ ಸೈನಿಕರ ಸಾವು. ಬಾವುಟ ಆಮೇಲೆ ಬಂತು.

ಹಾಗಾದರೆ ಬಾವುಟ ಸುಳ್ಳೇ? ಅಲ್ಲ. ದಾಮಿಬಾ ಫ್ರೆಂಚರ ನೆಲೆಯಲ್ಲಿ ಅಡಗಿದ್ದಾರೆ ಎಂಬ ಸುದ್ದಿ ಮರುದಿನ ರಾಜಧಾನಿ ವಾಗಡುಗು ತುಂಬ ಹಬ್ಬಿತು. ಫ್ರಾನ್ಸ್ ಅಲ್ಲಗಳೆದರೂ ಗುಂಪು ಹೋಗಿ ಫ್ರೆಂಚ್ ರಾಯಭಾರ ಕಚೇರಿಯ ಮುಂದೆ ಬೆಂಕಿ ಇಟ್ಟಿತು. ರಷ್ಯಾದ ಬಾಡಿಗೆ ಸೈನ್ಯ ವಾಗ್ನರ್ ನಡೆಸುತ್ತಿದ್ದ ಪ್ರಿಗೋಜಿನ್ ತ್ರಾವೊರೆಯನ್ನು ಬಹಿರಂಗವಾಗಿಯೇ ಅಭಿನಂದಿಸಿದ. 2023ರ ಫೆಬ್ರವರಿಯಲ್ಲಿ ಫ್ರೆಂಚ್ ವಿಶೇಷ ಪಡೆ ಗಂಟುಮೂಟೆ ಕಟ್ಟಿ ಹೊರಟಿತು. ಹೊರಗಿನವರು ಹೊಂಚು ಹಾಕುವುದು ನಿಜ, ಲಾಭ ಮಾಡಿಕೊಳ್ಳುವುದೂ ನಿಜ. ಆದರೆ ಒಂದು ಗಮನಿಸಿ: ಜನವರಿಯಲ್ಲಿ ಎದ್ದ ದಾಮಿಬಾ ಪ್ಯಾರಿಸ್ಸಿನಲ್ಲಿ ಓದಿದವರು, ಅಮೆರಿಕನ್ನರ ಸೇನಾ ತರಬೇತಿಗಳಲ್ಲೂ ಕೂತು ಬಂದವರು. ಅವರು ಉರುಳಿಸಿದ್ದು ಫ್ರಾನ್ಸ್ ಜೊತೆ ಸ್ನೇಹದಿಂದಿದ್ದ ಸರ್ಕಾರವನ್ನು. ಯಾರು ತರಬೇತಿ ಕೊಟ್ಟರೋ ಅವರೇ ಸೂತ್ರ ಆಡಿಸಿದರು ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ.

ಈಗ ಪದಗಳ ವಿಷಯ. ಪತ್ರಿಕೆಗಳು ದಂಗೆ, ಕ್ಷಿಪ್ರಕ್ರಾಂತಿ ಎರಡನ್ನೂ ಬೆರೆಸಿ ಬರೆಯುತ್ತವೆ. ದಂಗೆ ಎದ್ದವನು ತನ್ನ ಮೇಲಿನವನಿಂದ ಏನನ್ನೋ ಕೇಳುತ್ತಾನೆ: ಊಟ, ಸಂಬಳ, ಮರ್ಯಾದೆ. ಕ್ಷಿಪ್ರಕ್ರಾಂತಿ ಮಾಡುವವನಿಗೆ ಗದ್ದುಗೆಯೇ ಬೇಕು. 1946ರ ಫೆಬ್ರವರಿ 18ರಂದು ಮುಂಬೈಯ ತಲ್ವಾರ್ ನೌಕಾಠಾಣೆಯಲ್ಲಿ ನಾವಿಕರು ಕೆಟ್ಟ ಊಟ ಬೇಡವೆಂದು ತಟ್ಟೆ ತಳ್ಳಿ ಎದ್ದದ್ದು ದಂಗೆ. 1806ರ ಜುಲೈ 10ರಂದು ವೆಲ್ಲೂರಿನಲ್ಲಿ ಆದದ್ದು ದಂಗೆಯಾಗಿ ಶುರುವಾಗಿ ಆಚೆ ದಡಕ್ಕೆ ಕಾಲಿಡಲು ಹೊರಟಿತ್ತು. ಹೊಸ ಮಾದರಿ ಟೋಪಿ ಹಾಕಬೇಕು, ಹಣೆಯ ನಾಮ ವಿಭೂತಿ ಅಳಿಸಬೇಕು, ಗಡ್ಡ ತೆಗೆಯಬೇಕು ಎಂಬ ಆಜ್ಞೆಗೆ ಸಿಪಾಯಿಗಳು ಸಿಡಿದರು. ಕೋಟೆಯೊಳಗೆ ಸೆರೆಯಲ್ಲಿದ್ದ ಟಿಪ್ಪುವಿನ ಮಕ್ಕಳು ಕೈಗೆಟುಕುವಷ್ಟು ಹತ್ತಿರ ಇದ್ದದ್ದರಿಂದ ಅದಕ್ಕೆ ಗದ್ದುಗೆಯ ಬಣ್ಣವೂ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ನಂದಿದುರ್ಗದ ಸಿಪಾಯಿಗಳೂ ಏಳಲಿದ್ದಾರೆಂಬ ಸುದ್ದಿ ಬಾಯಿಬಿಟ್ಟು, ಬೆಂಗಳೂರಿನಿಂದ ಕುದುರೆಪಡೆ ಓಡಿ ಬರಬೇಕಾಯಿತು. ಭಾನುವಾರ ಬೆಳಗಿನ ಮಂಜು ನೋಡಲು ಬೆಟ್ಟ ಹತ್ತುವ ಮಕ್ಕಳಿಗೆ ಇದನ್ನು ಹೇಳುವವರು ಬೇಕು.

ಕ್ಷಿಪ್ರಕ್ರಾಂತಿ ಎಂದೊಡನೆ ನಮ್ಮ ಮನಸ್ಸು ಆಫ್ರಿಕಾಕ್ಕೋ ಪಾಕಿಸ್ತಾನಕ್ಕೋ ಓಡುತ್ತದೆ. ಅಷ್ಟು ದೂರ ಹೋಗಬೇಕಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಮೈಸೂರಿನಲ್ಲಿ ಮಾಡಿದ್ದು ಅದನ್ನೇ. ಅವನನ್ನು ಹೊಗಳಲು ಇಲ್ಲವೇ ತೆಗಳಲು ನಾವು ತೋರುವ ಉತ್ಸಾಹದಲ್ಲಿ ಅವನು ಮೇಲೆ ಬಂದ ದಾರಿಯನ್ನು ನೋಡುವುದೇ ಬಿಟ್ಟಿದ್ದೇವೆ.

ಆಗ ಶ್ರೀರಂಗಪಟ್ಟಣದಲ್ಲಿ ಅರಸರು ಹೆಸರಿಗಷ್ಟೇ. 1734ರಲ್ಲೇ ದಳವಾಯಿಗಳು ಒಬ್ಬ ಒಡೆಯರನ್ನು ಕೆಳಗಿಳಿಸಿ ಇನ್ನೊಬ್ಬರನ್ನು ಕೂರಿಸಿದ್ದರು. 1750ರ ದಶಕದಲ್ಲಿ ಆಡಳಿತ ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ನಂಜರಾಜಯ್ಯ ಸೋದರರ ಕೈಯಲ್ಲಿತ್ತು. ತಿರುಚಿನಾಪಳ್ಳಿಯ ಆಸೆಗೆ ನಂಜರಾಜಯ್ಯ ವರ್ಷಗಟ್ಟಲೆ ದಂಡು ಕೂರಿಸಿ ಬೊಕ್ಕಸ ಬರಿದು ಮಾಡಿದ. 1755ರಲ್ಲಿ ನಿಜಾಮನ ದಂಡು, ಜೊತೆಗೆ ಫ್ರೆಂಚ್ ಸೇನಾನಿ ಬುಸ್ಸಿ, ಬಾಗಿಲಿಗೆ ಬಂದು ಕಪ್ಪ ಕಿತ್ತುಕೊಂಡು ಹೋದರು. ಹಿಂದೆಯೇ ಮರಾಠರು. ಇನ್ನು ಸಿಪಾಯಿಗೆ ಸಂಬಳ ಎಲ್ಲಿಂದ? ಬಾಕಿ ಬೆಳೆಯಿತು. 1758ರ ಸುಮಾರಿಗೆ ಸೈನಿಕರು ನಂಜರಾಜಯ್ಯನ ಮನೆ ಬಾಗಿಲಲ್ಲಿ ಧರಣಿ ಕೂತರು. ಇಂದಿನ ಧರಣಿಯಂತಲ್ಲ, ಒಳಗಿದ್ದವರಿಗೆ ಅನ್ನ ನೀರು ಹೋಗದ ಹಾಗೆ ಅಡ್ಡ ಕೂರುವುದು. ಸಿಪಾಯಿಗೆ ಅನ್ನ ಹುಟ್ಟದೆ ಹೋದಾಗ ಅವನು ಧಣಿಯ ಅನ್ನಕ್ಕೂ ತಡೆ ಹಾಕಿದ.

ಮೈಸೂರಿನ ದಂಡಿನ ಅಧಿಕಾರಿಯಾಗಿ ದಿಂಡಿಗಲ್‌ನಲ್ಲಿದ್ದ ಹೈದರ್ ಬಂದ. ಅವನಿಗೆ ಓದು ಬರಹ ಬಾರದು. ಲೆಕ್ಕ ನೋಡಲು ತನ್ನ ನಂಬಿಕೆಯ ಖಂಡೇರಾಯನನ್ನು ಕೂರಿಸಿದ. ಬಾಕಿಯ ಪಟ್ಟಿ ತರಿಸಿ, ಸುಳ್ಳು ಲೆಕ್ಕ ಬಿಡಿಸಿ, ಉಳಿದದ್ದನ್ನು ತೀರಿಸಿದ. ಧರಣಿ ಎದ್ದಿತು. ಆ ದಿನ ಸಿಪಾಯಿಗಳ ಕಣ್ಣಿನಲ್ಲಿ ಧಣಿ ಬದಲಾದ. ಪಟ್ಟ ಅರಮನೆಯಲ್ಲೇ ಇತ್ತು, ಸಂಬಳ ಹೈದರನ ಕೈಯಿಂದ ಬಂತು. ಮುಂದಿನ ವರ್ಷ ಮತ್ತೆ ಬಾಕಿ ಬಿದ್ದಾಗ ಅದೇ ಸೈನಿಕರನ್ನು ನಂಜರಾಜಯ್ಯನ ಮೇಲೆ ತಿರುಗಿಸಿ ಅವನನ್ನು ಅಧಿಕಾರದಿಂದ ಇಳಿಸಲಾಯಿತು. ಸೈನ್ಯದ ಸಂಬಳಕ್ಕೆಂದು ಸೀಮೆಯ ಮೇಲೆ ಸೀಮೆ ಹೈದರನ ವಶಕ್ಕೆ ಹೋಯಿತು.

ಇನ್ನು ಹೊರಗಿನವರು. 1760ರಲ್ಲಿ ಹೈದರನ ಬಲವಾದ ಪಡೆ ಪಾಂಡಿಚೇರಿ ಕಡೆಗೆ, ಇಂಗ್ಲಿಷರ ವಿರುದ್ಧ ಫ್ರೆಂಚರಿಗೆ ನೆರವಾಗಲು ಹೋಗಿತ್ತು. ಆ ಹೊತ್ತು ನೋಡಿ ಅರಮನೆಯ ಪರ ನಿಂತ ಖಂಡೇರಾಯ ತನ್ನ ಯಜಮಾನನ ಬಿಡಾರದ ಮೇಲೆಯೇ ಆಗಸ್ಟಿನಲ್ಲಿ ಫಿರಂಗಿ ಹಾರಿಸಿದ, ಮರಾಠರ ದಂಡನ್ನೂ ಕರೆಸಿಕೊಂಡ. ಹೈದರ್ ಹೆಂಡತಿ ಮಕ್ಕಳನ್ನು, ಅವರಲ್ಲಿ ಹುಡುಗ ಟಿಪ್ಪುವನ್ನೂ ಬಿಟ್ಟು, ರಾತ್ರೋರಾತ್ರಿ ಕಾವೇರಿ ದಾಟಿ, ಆನೇಕಲ್ ಮೇಲೆ ಬೆಂಗಳೂರು ಸೇರಿದ. ಅಲ್ಲಿ ಸಾಹುಕಾರರ ಹತ್ತಿರ ಸಾಲ ಎತ್ತಿದ. ಮರಾಠರಿಗೆ ದುಡ್ಡು ಕೊಟ್ಟು, ಈಗಿನ ಕೃಷ್ಣಗಿರಿ ಕಡೆಯ ಬಾರಾಮಹಲ್ ಸೀಮೆಯನ್ನು ಬಿಟ್ಟುಕೊಡುವ ಮಾತು ಕೊಟ್ಟು ಅವರನ್ನು ದೂರ ಮಾಡಿದ. ಉತ್ತರದಲ್ಲಿ ಪಾಣಿಪತ್ತಿನ ಸಂಕಟ ಹತ್ತಿರವಾಗಿದ್ದ ಮರಾಠರಿಗೂ ಹಿಂತಿರುಗುವುದು ಬೇಕಾಗಿತ್ತು. ಕರೆದವನ ಗತಿ ಏನು ಎಂದು ಅವರು ತಿರುಗಿ ನೋಡಲಿಲ್ಲ. 1761ರಲ್ಲಿ ಹೈದರ್ ಗೆದ್ದ. ಖಂಡೇರಾಯನಿಗೆ ಪ್ರಾಣಭಿಕ್ಷೆ ಕೊಡಿ ಎಂದು ಅರಮನೆಯವರು ಬೇಡಿದಾಗ "ಗಿಳಿಯಂತೆ ಸಾಕುತ್ತೇನೆ" ಎಂದನಂತೆ. ಬೆಂಗಳೂರಿನಲ್ಲಿ ಕಬ್ಬಿಣದ ಪಂಜರದೊಳಗೆ ಕೂರಿಸಿ, ಸಾಯುವ ತನಕ ಹಾಲು ಅನ್ನ ಹಾಕಿಸಿದ.

ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಬರಿದಾದ ಬೊಕ್ಕಸ, ಬಾಕಿ ಬಿದ್ದ ಸಂಬಳ, ಅರಮನೆಯೊಳಗಿನ ಒಡಕು, ಬಾಗಿಲಲ್ಲಿ ಕಾದು ನಿಂತ ಹೊರಗಿನವನು, ತನ್ನ ಲಾಭ ಮುಗಿದೊಡನೆ ಅವನು ಕೈಬಿಡುವುದು, ಎಲ್ಲವೂ ಇದರಲ್ಲಿದೆ. ಕಾಂಗೊ ದೇಶದ ಕಥೆ ಓದುವಾಗ ನನಗೆ ಶ್ರೀರಂಗಪಟ್ಟಣದ ಆ ಧರಣಿ ನೆನಪಾಗುತ್ತದೆ.

ಕಾಂಗೊ 1960ರ ಜೂನ್ 30ರಂದು ಬೆಲ್ಜಿಯಂನಿಂದ ಸ್ವತಂತ್ರವಾಯಿತು. ಅದರ ಸೈನ್ಯದಲ್ಲಿ ಒಬ್ಬನೇ ಒಬ್ಬ ಕರಿಯ ಅಧಿಕಾರಿ ಇರಲಿಲ್ಲ. ಬಡ್ತಿ ಯಾವಾಗ ಎಂದು ಕೇಳಿದ ಸಿಪಾಯಿಗಳ ಮುಂದೆ ಬೆಲ್ಜಿಯಂನ ಸೇನಾಪತಿ ಯಾನ್ಸೆನ್ಸ್ ಕರಿಹಲಗೆಯ ಮೇಲೆ ಬರೆದು ತೋರಿಸಿದ: ಸ್ವಾತಂತ್ರ್ಯಕ್ಕೆ ಮುಂಚೆ ಹೇಗೋ ಸ್ವಾತಂತ್ರ್ಯದ ನಂತರವೂ ಹಾಗೇ. ಬಳಪ ಹಿಡಿದೇ ಬದುಕಿದ ನನಗೆ ಆ ಹಲಗೆ ಕಣ್ಣಿಗೆ ಕಟ್ಟಿದಂತಿದೆ. ಜುಲೈ 5ಕ್ಕೆ ದಂಗೆ. ತಮ್ಮವರ ರಕ್ಷಣೆಯ ಹೆಸರಿನಲ್ಲಿ ಬೆಲ್ಜಿಯಂ ಸೈನ್ಯ ಇಳಿಯಿತು. ಜುಲೈ 11ಕ್ಕೆ ತಾಮ್ರದ ಗಣಿಗಳ ಕಟಾಂಗ ಪ್ರಾಂತ್ಯ ಬೇರೆಯಾಯಿತು; ಅದಕ್ಕೆ ಬೆಂಬಲ ಯೂನಿಯನ್ ಮಿನಿಯೇರ್ ಎಂಬ ಗಣಿ ಕಂಪನಿಯದು. ಹಿರೋಶಿಮಾ ಬಾಂಬಿಗೆ ಯುರೇನಿಯಂ ಹೋದದ್ದು ಅದೇ ಪ್ರಾಂತ್ಯದ ಶಿಂಕೊಲೊಬ್ವೆ ಗಣಿಯಿಂದ. ಸೆಪ್ಟೆಂಬರಿನಲ್ಲಿ ಸಂಬಳವಿಲ್ಲದ ಸಿಪಾಯಿಗಳಿಗೆ ಹಂಚಲು ವಿಶ್ವಸಂಸ್ಥೆಯ ಕಡೆಯಿಂದ ಹತ್ತು ಲಕ್ಷ ಡಾಲರ್ ಬಂತು. ಹಂಚಿದ ಹೆಸರು ಯಾರಿಗೆ? ಸೇನಾ ಮುಖ್ಯಸ್ಥ ಮೊಬುಟುವಿಗೆ. ಅದೇ ತಿಂಗಳ 14ರಂದು ಮೊಬುಟು ಅಧಿಕಾರ ಹಿಡಿದ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನ ಬೆನ್ನಿಗಿತ್ತು. ಪ್ರಧಾನಿ ಲುಮುಂಬಾರನ್ನು 1961ರ ಜನವರಿ 17ರಂದು ಕಟಾಂಗದಲ್ಲಿ ಗುಂಡಿಟ್ಟು ಕೊಂದರು. ವಿಶ್ವಸಂಸ್ಥೆಯ ಪಡೆಯಲ್ಲಿದ್ದು ಆ ಕಟಾಂಗದ ಪಡೆಯ ವಿರುದ್ಧ ಹೋರಾಡಿ ಅದೇ ವರ್ಷ ಡಿಸೆಂಬರ್ 5ರಂದು ಮಡಿದವರು ನಮ್ಮ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ, ಪರಮವೀರ ಚಕ್ರ. ಲುಮುಂಬಾರ ಸಾವಿನಲ್ಲಿ ತನ್ನ ಪಾಲಿಗೆ ಬೆಲ್ಜಿಯಂ ಕ್ಷಮೆ ಕೇಳಿದ್ದು 2002ರಲ್ಲಿ.

ಹೊರಗಿನವರೇ ಹೆಚ್ಚಿನ ಕೆಲಸ ಮಾಡಿದ ಪ್ರಸಂಗಗಳೂ ಇವೆ, ಅದನ್ನು ಮುಚ್ಚಿಟ್ಟರೆ ನಿಮ್ಮ ಮೈದುನನಿಗೆ ಅನ್ಯಾಯ. ಇರಾನ್ ಅಂಥದ್ದು. 1951ರಲ್ಲಿ ಪ್ರಧಾನಿ ಮೊಸಾದ್ದೆಗ್ ಬ್ರಿಟಿಷರ ತೈಲ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ ತೈಲ ಮಾರಲು ಬಿಡದೆ ಕಟ್ಟಿಹಾಕಿತು, ಆಮೇಲೆ ಅಮೆರಿಕವನ್ನು ಜೊತೆಗೆ ಸೇರಿಸಿಕೊಂಡಿತು. ಪತ್ರಿಕೆಗಳಿಗೆ, ಬೀದಿ ಗುಂಪುಗಳಿಗೆ, ಕೆಲವು ಸೇನಾಧಿಕಾರಿಗಳಿಗೆ ಹಣ ಹರಿಯಿತು. 1953ರ ಆಗಸ್ಟ್ 15ರ ರಾತ್ರಿ ಕರ್ನಲ್ ನಾಸಿರಿ, ಇರಾನಿನ ದೊರೆ ಶಾ ಸಹಿ ಹಾಕಿದ ವಜಾ ಆದೇಶ ಹಿಡಿದು ಮೊಸಾದ್ದೆಗ್ ಮನೆಗೆ ಹೋದರೆ, ಸುಳಿವು ಮೊದಲೇ ಸಿಕ್ಕಿ ಅವನನ್ನೇ ಹಿಡಿದುಹಾಕಿದರು. ಶಾ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ನಾಲ್ಕೇ ದಿನದಲ್ಲಿ, ಆಗಸ್ಟ್ 19ರಂದು, ಜನರ ಗುಂಪು ಮತ್ತು ಟ್ಯಾಂಕುಗಳು ಒಟ್ಟಿಗೆ ಬೀದಿಗಿಳಿದು ಕೆಲಸ ಮುಗಿಸಿದವು. ಮರುವರ್ಷದ ಒಪ್ಪಂದದಲ್ಲಿ ಇರಾನಿನ ತೈಲ ಹಂಚಿಕೆಯಾಯಿತು: ಹಳೆಯ ಬ್ರಿಟಿಷ್ ಕಂಪನಿಗೆ 40 ಪಾಲು, ಅಮೆರಿಕದ ಕಂಪನಿಗಳಿಗೆ 40, ಶೆಲ್‌ಗೆ 14, ಫ್ರೆಂಚರಿಗೆ 6. ಸಿಐಎ ತನ್ನ ಪಾತ್ರವನ್ನು ಕಾಗದದ ಮೇಲೆ ಒಪ್ಪಿಕೊಂಡದ್ದು 2013ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ. ಬಹುಕಾಲ ಇದನ್ನು ಹೇಳಿದವರನ್ನು ಅನುಮಾನದ ಪಿಶಾಚಿಗಳು ಎಂದು ಕರೆಯುತ್ತಿದ್ದರು.

ಅದೇ ಕಾಲದಲ್ಲಿ ನಮ್ಮ ಮಗ್ಗುಲಲ್ಲೂ ಒಂದು ರಾಷ್ಟ್ರೀಕರಣ ನಡೆಯಿತು. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕೈಯಿಂದ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಯುದ್ಧನೌಕೆ ಬರಲಿಲ್ಲ, ದಂಡಿಗೆ ಲಂಚ ಹೋಗಲಿಲ್ಲ. ಅದಿರಿನ ಸಾರ ಆಗಲೇ ಇಳಿಯುತ್ತಿತ್ತು, ಪರಿಹಾರ ಮಾತಾಡಿ ತೀರ್ಮಾನವಾಯಿತು. ಇರಾನಿನ ತೈಲದಷ್ಟು ದೊಡ್ಡ ಗಂಟು ಅದಾಗಿದ್ದರೆ ಕಥೆ ಬೇರೆಯಾಗುತ್ತಿತ್ತೇ? ಲಂಡನ್ನಿನಲ್ಲಿ ಆಸೆ ಬೇರೆಯಾಗಿರುತ್ತಿತ್ತು. ಆದರೆ ಇಲ್ಲಿ ಲಂಚ ಕೊಳ್ಳಬಲ್ಲ, ಒಂದು ರಾತ್ರಿಯಲ್ಲಿ ರಾಜಧಾನಿ ಹಿಡಿಯಬಲ್ಲ ಕರ್ನಲ್ ಸಿಗುವುದು ಕಷ್ಟವಿತ್ತು. ಇದು ನಿಮ್ಮ ಮೂರನೇ ಪ್ರಶ್ನೆಗೆ ಸೇರಿದ್ದು.

ನಮ್ಮಲ್ಲಿ ಯಾಕೆ ಆಗಲಿಲ್ಲ ಎಂದರೆ "ನಮ್ಮ ಸೈನಿಕರು ಒಳ್ಳೆಯವರು" ಎಂದು ಮುಗಿಸುವವರಿದ್ದಾರೆ. ಒಳ್ಳೆಯವರು ನಿಜ. ಆದರೆ 1947ರಲ್ಲಿ ಪಾಕಿಸ್ತಾನಕ್ಕೆ ಹೋದದ್ದೂ ಅದೇ ಬ್ರಿಟಿಷರು ತಿದ್ದಿದ ಸೈನ್ಯವೇ. ಅಲ್ಲಿ 1958ರೊಳಗೆ ಏಳು ಪ್ರಧಾನಿಗಳು ಬಂದು ಹೋದರು. ಸಂವಿಧಾನ ಬರೆಯಲು 1956ರ ತನಕ ಎಳೆದಾಡಿದರು. 1954ರಲ್ಲಿ ಅಮೆರಿಕದ ಜೊತೆ ಶಸ್ತ್ರಾಸ್ತ್ರ ಒಪ್ಪಂದವಾಯಿತು. ಅದೇ ವರ್ಷ ಮಹಾದಂಡನಾಯಕ ಅಯೂಬ್ ಖಾನ್ ಸಮವಸ್ತ್ರದಲ್ಲಿದ್ದುಕೊಂಡೇ ರಕ್ಷಣಾ ಮಂತ್ರಿಯೂ ಆದ. ಸಾಮಗ್ರಿ ಹೊರದೇಶದಿಂದ ನೇರ ಸೈನ್ಯಕ್ಕೆ ಬರತೊಡಗಿದರೆ ಮಂತ್ರಿಯ ಮಾತಿಗೆ ಬೆಲೆ ಎಲ್ಲಿ ಉಳಿದೀತು? 1958ರ ಅಕ್ಟೋಬರಿನಲ್ಲಿ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸೇನಾಡಳಿತ ಸಾರಿದ, ಇಪ್ಪತ್ತನೇ ದಿನಕ್ಕೆ ಅಯೂಬ್ ಅವನನ್ನೇ ಹೊರಗಟ್ಟಿದ.

ಇಲ್ಲಿ ಸಂವಿಧಾನ 1950ಕ್ಕೇ ಬಂತು, 1952ಕ್ಕೆ ಚುನಾವಣೆ ಮುಗಿಯಿತು. ಬ್ರಿಟಿಷ್ ಮಹಾದಂಡನಾಯಕನ ದೆಹಲಿಯ ಬಂಗಲೆಯಲ್ಲಿ ಪ್ರಧಾನಿ ವಾಸ ಹೂಡಿದರು. 1955ರಲ್ಲಿ ಮಹಾದಂಡನಾಯಕ ಎಂಬ ಹುದ್ದೆಯನ್ನೇ ತೆಗೆದು, ಭೂಸೇನೆ, ನೌಕಾಪಡೆ, ವಾಯುಪಡೆಗೆ ಸರಿಸಮಾನ ಮುಖ್ಯಸ್ಥರನ್ನು ಇಟ್ಟರು. ನಮ್ಮ ಕೊಡಗಿನ ಕಾರ್ಯಪ್ಪನವರು ನಿವೃತ್ತರಾದ ಕೂಡಲೇ ಆಸ್ಟ್ರೇಲಿಯಾಕ್ಕೆ ಹೈಕಮಿಷನರ್ ಆಗಿ ಹೋದರು. ಇವೆಲ್ಲ ಪಠ್ಯದಲ್ಲಿ ಸಿಗುತ್ತವೆ. ಪಠ್ಯದಲ್ಲಿ ಸಿಗದ ಒಂದು ಸಂಗತಿ, ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ತೂಕದ್ದು: ನಮ್ಮ ಸೈನಿಕನ ಸಂಬಳದ ಲೆಕ್ಕ ಅವನ ಕಮಾಂಡರನ ಕೈಯಲ್ಲಿಲ್ಲ. ರಕ್ಷಣಾ ಲೆಕ್ಕಪತ್ರ ಇಲಾಖೆ ಎಂಬ ಸಿವಿಲ್ ಇಲಾಖೆ ಅದನ್ನು ನೋಡುತ್ತದೆ. ಹೈದರ್ ಮಾಡಿದ್ದನ್ನು ಇಲ್ಲಿ ಯಾವ ಸೇನಾಪತಿಯೂ ಮಾಡಲಾರ. ಬಾಕಿ ತೀರಿಸಿ ಧಣಿಯಾಗುವ ದಾರಿಯೇ ಇಲ್ಲ.

ಪ್ರತಿ ನವೆಂಬರಿನಲ್ಲಿ ಕೋಲಾರದ ಬ್ಯಾಂಕಿನ ಮುಂದೆ ಜೀವನ ಪ್ರಮಾಣಪತ್ರ ಕೊಡಲು ನಿವೃತ್ತ ಸೈನಿಕರು ಬರುತ್ತಾರೆ. ಕಳೆದ ಸಲ ನನ್ನ ಮುಂದೆ ಒಬ್ಬ ಹಿರಿಯರು ನಿಂತಿದ್ದರು. ಬೆರಳಚ್ಚು ಯಂತ್ರ ಅವರ ಸವೆದ ಬೆರಳನ್ನು ಹಿಡಿಯುತ್ತಿರಲಿಲ್ಲ. ಪಂಚೆಗೆ ಒರೆಸಿಕೊಂಡು ಮತ್ತೆ ಮತ್ತೆ ಒತ್ತಿದರು, ಆರನೇ ಸಲ ಹಸಿರು ದೀಪ ಬಂತು. "ಆಯ್ತು ಬುಡಪ್ಪ, ಇನ್ನೊಂದ್ ವರ್ಷ ಬದುಕಿದ್ದೀನಿ" ಎಂದು ನಕ್ಕು ಚೀಲ ಎತ್ತಿಕೊಂಡರು. ಆ ಪಿಂಚಣಿ ಯಾವ ದಂಡನಾಯಕನ ಕೃಪೆಯೂ ಅಲ್ಲ ಎಂಬುದು ಅವರಿಗೆ ಗೊತ್ತಿದೆ.

ಸೈನಿಕರು ತಾವಾಗಿ ಏಳುತ್ತಾರೋ, ಯಾರಾದರೂ ಏಳಿಸುತ್ತಾರೋ ಎಂದು ಮಕ್ಕಳು ಕೇಳಿದರೆ ಹೀಗೆ ಹೇಳಬಹುದು: ಯಾವ ದೇಶದ ಸುದ್ದಿ ಬಂದರೂ, ಏಳುವುದಕ್ಕೆ ಮುಂಚಿನ ಆರು ತಿಂಗಳಲ್ಲಿ ಸೈನಿಕರ ಪಾಡು ಏನಿತ್ತು ನೋಡಿ. ಎದ್ದ ಮೇಲಿನ ಆರು ತಿಂಗಳಲ್ಲಿ ಯಾವ ಗಣಿ, ಯಾವ ಬಂದರು, ಯಾವ ಸೇನಾನೆಲೆ ಕೈ ಬದಲಾಯಿತು ನೋಡಿ. ಮೊದಲನೆಯದು ಕಾರಣ ಹೇಳುತ್ತದೆ. ಎರಡನೆಯದು ಕಾದು ಕೂತಿದ್ದವರು ಯಾರೆಂದು ಹೇಳುತ್ತದೆ. ಲಾಭ ಪಡೆದವನೇ ಮಾಡಿಸಿದವನು ಎಂದು ತಕ್ಷಣ ತೀರ್ಪು ಕೊಡಬೇಡಿ, ದಾಖಲೆ ಹೊರಬರಲು ಇರಾನಿನಂತೆ ಅರವತ್ತು ವರ್ಷವೂ ಬೇಕಾಗಬಹುದು. ಅಧಿಕಾರ ಹಿಡಿದವನು ಹೊರಗಿನವರನ್ನು ಬೈಯುವುದನ್ನೂ ಹಾಗೆಯೇ ನಂಬಬೇಡಿ. ಅವನಿಗೆ ಅದು ಎಲ್ಲ ಸೋಲಿಗೂ ಹಚ್ಚುವ ಮುಲಾಮು.

ಇನ್ನು ಮೈದುನನ ವಿಷಯ. ಸಾಲ ಇದೆ, ಊರಲ್ಲಿ ಸಾವಿರದೈನೂರು ಅಡಿ ಕೊರೆದರೂ ನೀರಿಲ್ಲ, ಕೆಲಸವೂ ಇಲ್ಲ ಎಂದು ಬರೆದಿದ್ದೀರಿ. ಹೋಗಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೋಗುವುದಾದರೆ ಉತ್ತರದ ಜಿಬೊ ಕಡೆಯ ಕೆಲಸ ಎಷ್ಟೇ ಸಂಬಳ ತೋರಿಸಿದರೂ ಒಪ್ಪದಿರಲಿ. ವಾಗಡುಗುವಿನಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಇಳಿದ ವಾರವೇ ಹೆಸರು, ಕ್ಯಾಂಪಿನ ಜಾಗ, ಮನೆಯ ಫೋನ್ ನಂಬರ್ ಬರೆಸಲಿ. ಪಾಸ್‌ಪೋರ್ಟನ್ನು ಮಾಲೀಕನಿಗೆ ಒಪ್ಪಿಸದೆ ತನ್ನ ಹತ್ತಿರವೇ ಇಟ್ಟುಕೊಳ್ಳಲಿ. ಸಂಬಳದಲ್ಲಿ ಒಂದು ಪಾಲು ತಿಂಗಳು ತಿಂಗಳು ಊರಿಗೆ ಬಂದು ಬೀಳುವಂತೆ ಕರಾರು ಮಾಡಿಕೊಳ್ಳಲಿ, ವರ್ಷದ ಕೊನೆಗೆ ಒಟ್ಟಿಗೆ ಕೊಡುತ್ತೇವೆ ಎಂಬ ಮಾತಿಗೆ ಬೀಳುವುದು ಬೇಡ. ಕ್ಯಾಂಪಿಗೆ ಹೋದ ಮೇಲೆ ವಾರಕ್ಕೊಮ್ಮೆ ಫೋನ್ ಮಾಡಿದಾಗ, ಕಾವಲಿನವರು ಈಗಲೂ ಅಡುಗೆಮನೆಗೆ ಬರುತ್ತಿದ್ದಾರಾ ಎಂದು ನೀವೇ ಕೇಳಿ. ಬರುತ್ತಿದ್ದರೆ, ಅನ್ನ ಕೊಡಲು ಹೇಳಿ, ಟಿಕೆಟ್ಟಿನ ದುಡ್ಡನ್ನು ಬೇರೆ ತೆಗೆದಿಡಲು ಹೇಳಿ.